ಕೇಬಲ್ಲಿನ ಇಬ್ಬರು ಅಕ್ಕಂದಿರು

ಸಿನಿಮಾ ಹುಚ್ಚು ಹತ್ತಿದ ನಮ್ಮಂಥವರಿಗೆ ಹೆಸರುಗಳೆಂದರೆ ಪ್ರಾಣ. ಹೀರೋ ಬಿಡಿ, ಫೈಟ್ ಮಾಸ್ಟರ್ ಯಾರು, ಹಾಡು ಬರೆದವರು ಯಾರು, ಕ್ಯಾಮೆರಾ ಹಿಡಿದವರು ಯಾರು, ಬಸ್ ಸ್ಟ್ಯಾಂಡಿನಲ್ಲಿ ನಿಂತಲ್ಲೇ ಗಡಗಡ ಒಪ್ಪಿಸ್ತೀವಿ. ಆದರೆ ಸಾಗರದ ಟಾಕೀಸಿನಲ್ಲಿ ಓಡಿದ ಸಿನಿಮಾ ಹೊಸನಗರದ ಮೂಲೆಮನೆಯ ಟಿ.ವಿ.ಗೂ ಬಂದು ಮುಟ್ಟುವಂತೆ ಮಾಡಿದವರು ಯಾರು ಅಂತ ಕೇಳಿ ನೋಡಿ. ಬಾಯಿಗೆ ಬೀಗ!

ಆ ದಾರಿ ಹಾಕಿದವರ ಮೊದಲ ಸಾಲಿನಲ್ಲಿ ಒಬ್ಬ ಹೆಂಗಸು ಇದ್ದಳು ಅಂದರೆ ನಂಬ್ತೀರಾ? ಹೆಸರು ಕೇ ಕೊಪ್ಲೊವಿಟ್ಜ್. ಹುಟ್ಟಿದ್ದು 1945ರಲ್ಲಿ, ಅಮೆರಿಕದ ಮಿಲ್ವಾಕೀ ಊರಲ್ಲಿ. ಈಕೆಯ ವಿಷಯ ನಾನು ಓದಿದ್ದು ಬಹಳ ತಡವಾಗಿ. ಓದುವಾಗೆಲ್ಲ ಇನ್ನೊಬ್ಬಳು ಕಣ್ಣೆದುರು ಬಂದು ನಿಲ್ಲುತ್ತಿದ್ದಳು. ತೊಂಬತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ಕೇಬಲ್ ಎಳೆಯೋ ಹುಡುಗನಾಗಿದ್ದಾಗ ತಿಂಗಳು ತಿಂಗಳು ನನ್ನ ಕೈಗೆ ಸಂಬಳ ಇಡುತ್ತಿದ್ದ ಅಕ್ಕ. ಅವಳ ಹೆಸರು ಇಲ್ಲಿ ಬೇಡ. ಊರಿನವರಿಗೆ ಹೇಳದೇ ಗೊತ್ತಾಗುತ್ತದೆ.

ಮೊದಲು ಅಮೆರಿಕದವಳ ಕತೆ ಕೇಳಿ. ಓದುವ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿದ್ದಾಗ ಆರ್ಥರ್ ಸಿ. ಕ್ಲಾರ್ಕ್ ಭಾಷಣ ಕೇಳಿದಳು. ಯಾರು ಈ ಕ್ಲಾರ್ಕ್ ಅಂತೀರಾ? ಸ್ಟ್ಯಾನ್ಲಿ ಕುಬ್ರಿಕ್ ಜೊತೆ ಕೂತು '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕತೆ ಬರೆದ ಆಸಾಮಿ! ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ತಿರುಗುತ್ತದೆ, ಕೆಳಗಿನವರಿಗೆ ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತೇ ಇರುತ್ತದೆ, ಅದರಿಂದ ಅರ್ಧ ಜಗತ್ತಿಗೆ ಸುದ್ದಿ ಕಳಿಸಬಹುದು ಅಂತ 1945ರಲ್ಲೇ ಬರೆದಿದ್ದವನು. ಹುಡುಗಿಗೆ ಅದೇ ಗುಂಗು ಹಿಡಿಯಿತು. 1968ರಲ್ಲಿ ಎಂ.ಎ. ಮುಗಿಸುವಾಗ ಪ್ರಬಂಧ ಬರೆದದ್ದೂ ಉಪಗ್ರಹದ ಮೇಲೆಯೇ.

ಉಪಗ್ರಹ ಅಂದರೆ ಏನು ಅಂತ ನಮ್ಮ ಮಲೆನಾಡಿನವರಿಗೆ ಬೇರೆ ಹೇಳಬೇಕಾ? ದೂರದರ್ಶನದ ಅಲೆ ನೆಟ್ಟಗೆ ಬರುವ ಗಿರಾಕಿ. ಮಧ್ಯೆ ಗುಡ್ಡ ನಿಂತರೆ ಮುಗೀತು. ತೀರ್ಥಹಳ್ಳಿ ಕಡೆ, ಹೊಸನಗರ ಕಡೆ ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಮೇಲೆ ತಿರುಗಿಸೋದು, ಇನ್ನೊಬ್ಬ ಒಳಗಿಂದ 'ಬಂತು... ಹೋಯ್ತು...' ಅಂತ ಕೂಗೋದು! ಆಗುಂಬೆಯಲ್ಲೇ ಶಂಕರನಾಗ್ 'ಮಾಲ್ಗುಡಿ ಡೇಸ್' ಶೂಟಿಂಗ್ ಮಾಡಿದರು, ಅದನ್ನು ಟಿ.ವಿ.ಯಲ್ಲಿ ನೋಡೋಕೆ ಸುತ್ತಲಿನ ಎಷ್ಟೋ ಹಳ್ಳಿಯವರಿಗೆ ಚುಕ್ಕೆಮಳೆಯೇ ಗತಿ. ಡಿಶ್ ಬಂದ ಮೇಲೆ ಗುಡ್ಡದ ಆಟ ನಡೆಯಲಿಲ್ಲ. ಮೇಲಿನಿಂದ ಬಂದದ್ದಕ್ಕೆ ಗುಡ್ಡ ಎಲ್ಲಿ ಅಡ್ಡ ಬರುತ್ತೆ?

ಅಕ್ಕ ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದವಳು. ಭಾವನದು ರೇಡಿಯೋ ರಿಪೇರಿ ಅಂಗಡಿ. ಡಿಶ್ ಹಾಕಿಸಿದ್ದು ಅವರೇ, ಆಮೇಲೆ ತೋಟದ ಕಡೆ ಮುಖ ಮಾಡಿದವರೂ ಅವರೇ. ಅಂಗಡಿ, ಡಿಶ್, ಆಂಪ್ಲಿಫೈಯರ್ ಎಲ್ಲ ಅಕ್ಕನ ತಲೆಗೆ ಬಂತು. ಜೂನ್ ಹಿಡಿದರೆ ಹುಲಿಕಲ್ ಕಡೆಯ ಮಳೆ ನಿಮಗೆ ಗೊತ್ತಲ್ಲ. ಒಂದು ದಿನ ಸಿಡಿಲಿಗೆ ಆಂಪ್ಲಿಫೈಯರ್ ಕರಕಲು, ಮರುದಿನ ಮಂಗ ಹಾರಿ ಲೈನ್ ಕಟ್. ನಾನು ಏಣಿ ಹೊತ್ತು ಮುಂದೆ, ಅವಳು ಕೊಡೆ ಹಿಡಿದು ಹಿಂದೆ. ಯಾವ ಮನೆಗೆ ಯಾವ ಮರದಿಂದ ವೈರ್ ಹೋಗಿದೆ, ಯಾರು ಮೂರು ತಿಂಗಳ ಬಾಕಿ, ಯಾವ ಅಜ್ಜಿಗೆ ಭಕ್ತಿಚಿತ್ರ ಬೇಕು, ಎಲ್ಲ ಬಾಯಿಪಾಠ. 1994ರಲ್ಲಿ ಉದಯ ಟಿ.ವಿ. ಶುರುವಾಗಿತ್ತು ನೋಡಿ, ಜನಕ್ಕೆ ಮನೆಯಲ್ಲೇ ಕನ್ನಡ ಸಿನಿಮಾ! ಲೈನ್ ಬೇಕು ಅಂತ ಬಂದವರಿಗೆ ಲೆಕ್ಕವಿಲ್ಲ.

ಇತ್ತ ಕೇ ಏನು ಮಾಡಿದ್ದಳು ಗೊತ್ತಾ? 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮಹಮ್ಮದ್ ಅಲಿಗೂ ಜೋ ಫ್ರೇಜಿಯರ್‌ಗೂ ಬಾಕ್ಸಿಂಗ್. ಎಚ್‌ಬಿಒದವರು ಅದನ್ನು ಉಪಗ್ರಹದಿಂದ ಇಳಿಸಿ ಫ್ಲಾರಿಡಾದ ಕೇಬಲ್ ಮನೆಗಳಿಗೆ ಬಿಟ್ಟರು. ಆ ಸಾಹಸದ ಹಿಂದೆ ದುಡಿದವರಲ್ಲಿ ಈಕೆಯೂ ಒಬ್ಬಳು. ಎರಡೇ ವರ್ಷ! 1977ರಲ್ಲಿ ತಾನೇ ಒಂದು ಕ್ರೀಡಾ ಚಾನೆಲ್ ಕಟ್ಟಿದಳು. (ಅದೇ 1977ರಲ್ಲಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಸ್ವರ್ಣಕಮಲ ಗೆದ್ದ ವರ್ಷದ ಚಿತ್ರ, ನೆನಪಿರಲಿ.) 1980ರಲ್ಲಿ ಆ ಚಾನೆಲ್ಲಿಗೆ 'ಯುಎಸ್ಎ ನೆಟ್‌ವರ್ಕ್' ಅಂತ ಹೆಸರಾಯಿತು. ಅಮೆರಿಕದಲ್ಲಿ ಟಿ.ವಿ. ನೆಟ್‌ವರ್ಕಿನ ಅಧ್ಯಕ್ಷೆಯಾದ ಮೊದಲ ಹೆಂಗಸು ಆಕೆಯೇ.

ಆಕೆಯ ಬುದ್ಧಿ ಎಲ್ಲಿತ್ತು ಅಂದರೆ ಎರಡು ಜೇಬಿನ ಲೆಕ್ಕದಲ್ಲಿ. ಒಂದು ಜೇಬಿಗೆ ಜಾಹೀರಾತಿನ ಹಣ. ಇನ್ನೊಂದಕ್ಕೆ ಮನೆಗಿಷ್ಟು ಅಂತ ಕೇಬಲ್‌ನವರು ಕೊಡುವ ಹಣ. ಅದನ್ನಿಟ್ಟುಕೊಂಡು ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿ ಸಂಸ್ಥೆಗಳ ಜೊತೆ ಮಾತಾಡಿ, ಹಕ್ಕು ಕೊಂಡು, ಆಟ ತೋರಿಸಿದಳು. ಕದ್ದು ತೋರಿಸಲಿಲ್ಲ, ಗಮನಿಸಿ!

ಈ 'ಹಕ್ಕು' ಅನ್ನೋ ಮಾತಿಗೇ ನಮ್ಮ ಅಕ್ಕ ಒಂದು ಸಲ ಊರಿನ ಅರ್ಧ ಹುಡುಗರನ್ನು ಎದುರು ಹಾಕಿಕೊಂಡಳು. ಆಗ ಕೇಬಲ್‌ನವರದ್ದೇ ಒಂದು ಲೋಕಲ್ ಚಾನೆಲ್ ಇರುತ್ತಿತ್ತು. ವಿ.ಸಿ.ಪಿ.ಗೆ ಕ್ಯಾಸೆಟ್ ಹಾಕಿ ರಾತ್ರಿ ಒಂದು ಸಿನಿಮಾ. ದೊಡ್ಡ ಹೀರೋ ಒಬ್ಬರ ಹೊಸ ಚಿತ್ರ ಇನ್ನೂ ಥಿಯೇಟರಿನಲ್ಲಿ ಓಡುತ್ತಿದೆ, ಅದರ ಕಳ್ಳ ಕ್ಯಾಸೆಟ್ ಸಾಗರದ ಬಸ್ಸಿನಲ್ಲಿ ಬಂದಿಳಿಯಿತು. ಹುಡುಗರ ಗುಂಪು ಅಂಗಡಿ ಮುಂದೆ. 'ಅಕ್ಕಾ, ಇವತ್ತು ಹಾಕಿ!' ಅಕ್ಕ ಕ್ಯಾಸೆಟ್ ಮುಟ್ಟಲೂ ಇಲ್ಲ. 'ಅಭಿಮಾನಿ ಅಂತೀರಿ, ನಿಮ್ಮ ಹೀರೋನ ಗಲ್ಲಾಪೆಟ್ಟಿಗೆಗೆ ನೀವೇ ಕನ್ನ ಹಾಕ್ತೀರನ್ರಾ? ಸಾಗರಕ್ಕೆ ಹೋಗಿ ಟಿಕೆಟ್ ತಗೊಂಡು ನೋಡಿ' ಅಂದ್ಲು. ಬೇರೆ ಲೈನಿನವನೊಬ್ಬ ಅದೇ ರಾತ್ರಿ ಹಾಕಿದ. ಆ ತಿಂಗಳು ನಲವತ್ತು ಮನೆ ನಮ್ಮ ಕೈತಪ್ಪಿತು. ನನ್ನ ಸಂಬಳ ಮಾತ್ರ ತಪ್ಪಲಿಲ್ಲ. ಅವಳ ಕೈಯಲ್ಲಿದ್ದ ಎರಡು ಬಳೆ ಆಮೇಲೆ ನಾನು ನೋಡಲಿಲ್ಲ.

ಇನ್ನು ಕತೆಯ ಕ್ಲೈಮ್ಯಾಕ್ಸ್. ಇಬ್ಬರದ್ದೂ ಒಂದೇ ಥರ ಅಂದರೆ ಆಶ್ಚರ್ಯ ಪಡ್ತೀರಿ.

ಯುಎಸ್ಎ ನೆಟ್‌ವರ್ಕನ್ನು ಕಟ್ಟಿ ಬೆಳೆಸಿದ್ದು ಕೇ, 1992ರಲ್ಲಿ ವಿಜ್ಞಾನ ಕತೆಗಳ ಸೈ-ಫೈ ಚಾನೆಲ್ ಶುರು ಮಾಡಿದ್ದೂ ಕೇ. ಒಡೆಯರು ಮಾತ್ರ ಹಾಲಿವುಡ್ಡಿನ ದೊಡ್ಡ ಕಂಪನಿಗಳು. 1997ರಲ್ಲಿ ಒಡೆಯರ ಜಗಳ ತೀರಿ, ಅರ್ಧ ಪಾಲು 170 ಕೋಟಿ ಡಾಲರಿಗೆ ಯೂನಿವರ್ಸಲ್‌ನವರಿಗೆ ಹೋಯಿತು. ಅವರು ಅದನ್ನು ಬ್ಯಾರಿ ಡಿಲ್ಲರ್ ಕೈಗೆ ದಾಟಿಸಿದರು. 1998ರಲ್ಲಿ, ಇಪ್ಪತ್ತೊಂದು ವರ್ಷ ದುಡಿದ ಮನೆಯಿಂದ ಆಕೆ ಹೊರಗೆ ಬಂದಳು.

ನಮ್ಮಲ್ಲಿ? 1995ರ ಕೇಬಲ್ ಕಾಯಿದೆ ಪ್ರಕಾರ ಆಗ ಕೇಬಲ್‌ನವರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿತ್ತು. ವರ್ಷವರ್ಷ ಅದರ ಹಣ ಕಟ್ಟಲು ಹೋಗುತ್ತಿದ್ದವಳು ಅಕ್ಕ, ಕಾಗದದಲ್ಲಿ ಇದ್ದದ್ದು ಭಾವನ ಹೆಸರು. ಹಳ್ಳಿಗಳ ಕಡೆ ಹಳೇ ಅನಲಾಗ್ ಕೇಬಲ್‌ಗೆ 2017ರ ಮಾರ್ಚ್ 31 ಕೊನೆಯ ದಿನ ಅಂತಾಯಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬರಬೇಕು, ಸಿಗ್ನಲ್ ದೊಡ್ಡ ಕಂಪನಿಯದು. ಅದಕ್ಕೆ ಹಾಕಲು ಬಂಡವಾಳ ಎಲ್ಲಿ? ದೊಡ್ಡ ಆಪರೇಟರ್ ಒಬ್ಬ ಬಂದು ಲೈನ್ ಪೂರ್ತಿ ಕೊಂಡ. ಅಂಗಡಿಯಲ್ಲಿ ಕೂತು ವ್ಯವಹಾರ ಮುಗಿಸಿದ. ಯಾವ ಮನೆಗೆ ಯಾವ ವೈರ್ ಅಂತ ಪಟ್ಟಿ ಬರೆಸಿಕೊಂಡದ್ದು ಅಕ್ಕನಿಂದ, ರುಜು ಹಾಕಿಸಿಕೊಂಡದ್ದು ಭಾವನಿಂದ.

ಆವತ್ತು ಊಟಕ್ಕೆ ಬಡಿಸುತ್ತಾ ಅಂದ್ಲು: 'ಇಪ್ಪತ್ತು ಮಳೆಗಾಲ ಕಳೀತು ಮಾರಾಯ. ನನ್ನ ಸಹಿ ಎಲ್ಲೂ ಬೇಕಾಗ್ಲೇ ಇಲ್ಲ.'

ಭಾವ ಕೆಟ್ಟವರಲ್ಲ. ಅವರ ತಲೆಗೂ ಅದು ಹೊಳೆದಿರಲಿಲ್ಲ, ಅಷ್ಟೆ. ಅದೇ ನನಗೆ ದೊಡ್ಡ ವಿಷಯ ಅನ್ನಿಸೋದು.

ಅಣ್ಣಾವ್ರ ಅಭಿಮಾನಿಗಳಿಗೆ ಇದು ಬೇಗ ಅರ್ಥವಾಗಬೇಕು. 2017ರಲ್ಲಿ ನಮ್ಮನ್ನಗಲಿದ ಪಾರ್ವತಮ್ಮ ರಾಜ್‌ಕುಮಾರ್ ಅವರನ್ನು ನೆನೆಯಿರಿ. 1975ರ 'ತ್ರಿಮೂರ್ತಿ'ಯಿಂದ ನಿರ್ಮಾಣಕ್ಕೆ ಇಳಿದರು. ಕತೆ ಕೇಳೋದು, ವ್ಯವಹಾರ ಕುದುರಿಸೋದು, ಹಂಚಿಕೆ ಲೆಕ್ಕ ನೋಡೋದು ಎಲ್ಲಾ ಮಾಡಿದರು. ದುಡಿಮೆಯ ಜೊತೆಗೆ ನಿರ್ಮಾಪಕಿ ಅಂತ ಹೆಸರೂ ಪರದೆ ಮೇಲೆ ಬಂತು. ಅದಕ್ಕೇ ಇವತ್ತೂ ಯಾರೂ 'ಅವರೇನು ಮಾಡಿದರು' ಅಂತ ಕೇಳೋ ಹಾಗಿಲ್ಲ.

ಕೇ ಸುಮ್ಮನೆ ಕೂರಲಿಲ್ಲ. 2000ದಲ್ಲಿ 'ಸ್ಪ್ರಿಂಗ್‌ಬೋರ್ಡ್' ಅಂತ ಶುರು ಮಾಡಿ, ಸ್ವಂತ ಕಂಪನಿ ಕಟ್ಟುವ ಹೆಂಗಸರನ್ನು ಬಂಡವಾಳ ಹಾಕುವವರ ಎದುರು ತಂದು ನಿಲ್ಲಿಸಿದಳು. ನಮ್ಮ ಅಕ್ಕನೂ ಕೂರಲಿಲ್ಲ. ಊರಿಗೆ ಫೈಬರ್ ಇಂಟರ್ನೆಟ್ ಬಂದಾಗ ಏಜೆನ್ಸಿ ಹಿಡಿದಳು. ಮೊದಲ ಅರ್ಜಿ ಫಾರಂ ನಾನೇ ತುಂಬುತ್ತಾ, ಅಭ್ಯಾಸಬಲದಿಂದ 'ಭಾವನ ಆಧಾರ್ ಕೊಡಿ' ಅಂದೆ. ಅವಳು ನಕ್ಕು, ತನ್ನದನ್ನು ತಂದು ಮೇಜಿನ ಮೇಲಿಟ್ಟಳು.

ಗೆಳೆಯರೇ, ಮುಂದಿನ ವಾರದ ಸಂಚಿಕೆ ಬರುವಷ್ಟರಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಕಿರಾಣಿ ಅಂಗಡಿಯೋ, ಹಿಟ್ಟಿನ ಗಿರಣಿಯೋ, ತೋಟವೋ, ಬೆಳಗ್ಗೆಯಿಂದ ರಾತ್ರಿ ತನಕ ಅಲ್ಲಿ ಕೂರೋದು, ಅಲ್ಲಿ ದುಡಿಯೋದು ಅಮ್ಮನೋ ಅಕ್ಕನೋ ಆಗಿದ್ದರೆ, ಅದರ ಲೈಸೆನ್ಸೋ ಪಹಣಿಯೋ ತೆಗೆದು ಯಾರ ಹೆಸರಿದೆ ಅಂತ ಓದಿ ನೋಡಿ.