ಬೆಲೆ ತೆತ್ತವರು ಯಾರು?

ಏಪ್ರಿಲ್‌ನ ಒಂದು ಭಾನುವಾರ ನಮ್ಮ ಸಭಾಪಾಲಕರು ಡೀಟ್ರಿಕ್ ಬೋನ್‌ಹೋಫರ್ ಕಥೆ ಹೇಳಿದರು. ಜರ್ಮನಿಯ ಈ ಪಾದ್ರಿ, ಯೇಸುವಿನ ಶಿಷ್ಯನಾಗುವುದು ಅಗ್ಗದ ಮಾತಲ್ಲ ಅಂತ 1937ರಲ್ಲಿ ಪುಸ್ತಕವನ್ನೇ ಬರೆದವರು. 1939ರಲ್ಲಿ ನ್ಯೂಯಾರ್ಕಿನಲ್ಲಿ ಕ್ಷೇಮವಾಗಿದ್ದುಬಿಡಬಹುದಿತ್ತು. ಕೆಲವೇ ವಾರಗಳಲ್ಲಿ ಹಿಟ್ಲರನ ಜರ್ಮನಿಗೇ ವಾಪಸಾದರು. 1943ರ ಜನವರಿಯಲ್ಲಿ ಮಾರಿಯಾ ಎಂಬ 18ರ ಹುಡುಗಿಯ ಜೊತೆ ಮದುವೆ ನಿಶ್ಚಯವಾಯಿತು, ಏಪ್ರಿಲ್‌ನಲ್ಲಿ ಬಂಧನ. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ಮನೆಗೆ ಬರುವಾಗ ಆಟೋದಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗಿ ಮತ್ತೆ ಎಂತ ಮಾಡಿದ್ಲಂತೆ?"

ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಮಾರಿಯಾ ಅಮೆರಿಕಕ್ಕೆ ಹೋಗಿ ಗಣಿತ ಓದಿ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡಿ, 1977ರಲ್ಲಿ ತೀರಿಕೊಂಡರು. ಅವರಿಬ್ಬರ ಪತ್ರಗಳು ಪುಸ್ತಕವಾಗಿ ಬಂದದ್ದು ಅದಕ್ಕೂ ಎಷ್ಟೋ ವರ್ಷದ ನಂತರ.

ನಮ್ಮ ಮಂಗಳೂರಿನ ಚರಿತ್ರೆಯಲ್ಲೂ ಇಂಥವರಿದ್ದಾರೆ. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದರು. ಮನೆ, ಜಾತಿ ಎಲ್ಲ ಬಿಟ್ಟುಹೋಯಿತು. ಮುಂದೆ ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ ಊರಿಗೆ ಮರಳಿದರು. ಅವರ ಎಳೆಯ ಹೆಂಡತಿ ಮಾತ್ರ ಅವರ ಜೊತೆ ಬರಲಿಲ್ಲ. ಆ ಕಾಲದ ಬ್ರಾಹ್ಮಣರ ಮನೆಯಲ್ಲಿ ಗಂಡ ಬದುಕಿದ್ದೂ ಇಲ್ಲದವಳ ಪಾಡು ಹೇಗಿದ್ದಿರಬಹುದು, ನೀವೇ ಯೋಚಿಸಿ. ಇವರು ಶಿಲುಬೆ ಹೊತ್ತರು, ನಿಜ. ಆಕೆಯ ಹೆಗಲಿಗೆ ಅದನ್ನು ಹೊರಿಸಿದವರು ಯಾರು?

ಅಮ್ಮನ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಪ್ಪ ಸರ್ಕಾರಿ ಎಂಜಿನಿಯರ್. ಆಗದ ಕೆಲಸಕ್ಕೆ ಅಳತೆ ಪುಸ್ತಕದಲ್ಲಿ ಸಹಿ ಹಾಕುತ್ತಿರಲಿಲ್ಲ. "ಭಾನುವಾರ ಒಂದು, ಸೋಮವಾರ ಒಂದು ಅಂತ ಎರಡು ದೇವರನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ" ಅನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಏಳು ವರ್ಗ. ನಾನು ಐದು ಶಾಲೆ ಬದಲಿಸಿದೆ. ನನ್ನ ಕಾಲೇಜು ಫೀಸಿಗೆ ಅಮ್ಮನ ಬಳೆ ಹೋಯಿತು. ಅಪ್ಪ ತೀರಿಕೊಂಡಾಗ ಚರ್ಚಿನಲ್ಲಿ ಎಲ್ಲರೂ ಅವರ ಪ್ರಾಮಾಣಿಕತೆಯನ್ನು ಹೊಗಳಿದರು. ಬಳೆಯ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆ ರಾತ್ರಿ ಊಟ ಆದ ಮೇಲೆ ಮಾರಿಯಾ ಬಗ್ಗೆ ಓದಿದ್ದನ್ನು ಅಮ್ಮನಿಗೆ ಹೇಳಿದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ, "ಅಪ್ಪ ನಿನ್ನನ್ನು ಒಂದು ಮಾತು ಕೇಳಿದ್ರಾ?"

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಇಲ್ಲ. ಕೇಳಿದ್ರೆ ನಾನು ಬೇಡ ಅಂತ ಹೇಳ್ತಿರ್ಲಿಲ್ಲ. ಅವ್ರು ಮಾಡಿದ್ದು ಸರಿಯೇ. ಆದ್ರೂ ಕೇಳ್ಬೇಕಿತ್ತು."

ಅಪ್ಪನ ಮೇಲೆ ನನಗಿದ್ದ ಹಳೇ ಸಿಟ್ಟು ಆ ಮಾತಿನಿಂದ ಪೂರ್ತಿ ಇಳಿಯಿತು ಅಂತ ಹೇಳಲಾರೆ. ಅದು ಯಾಕೆ ಅಂತ ಮಾತ್ರ ಗೊತ್ತಾಯಿತು. ಬಡತನಕ್ಕೆ ಅಲ್ಲ, ನಮ್ಮನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದಕ್ಕೆ. ಗೋಪುರ ಕಟ್ಟುವ ಮೊದಲು ಕೂತು ಖರ್ಚಿನ ಲೆಕ್ಕ ಹಾಕಿ ಅಂತ ಯೇಸುವೇ ಹೇಳಿದ್ದಾನೆ. ಆ ಲೆಕ್ಕವನ್ನು ಒಬ್ಬನೇ ಕೂತು ಹಾಕಬೇಕು ಅಂತ ಎಲ್ಲಿಯೂ ಹೇಳಿಲ್ಲ.

ಈ ತಿಂಗಳು ನನ್ನ ಮೇಜಿನ ಮೇಲೂ ಅಂಥದೇ ಒಂದು ಕಾಗದ ಬಂದು ಕೂತಿದೆ. ಸಹಿ ಹಾಕುವುದಿಲ್ಲ. ಕೆಲಸ ಹೋದರೂ ಹೋಗಬಹುದು. ಮನೆಸಾಲದ ಕಂತು ಇನ್ನೂ ಒಂಬತ್ತು ವರ್ಷ ಇದೆ. ಇವತ್ತು ಮಕ್ಕಳು ಮಲಗಿದ ಮೇಲೆ ಹೆಂಡತಿಯ ಹತ್ತಿರ ಕೂತು ಎಲ್ಲ ಹೇಳಬೇಕು. ಹೇಳುವುದಷ್ಟೇ ಅಲ್ಲ, ಕೇಳಬೇಕು.