ಶೀತಕ್ಕೊಂದು ಮಾತ್ರೆ ಕೊಡಿ

ಆಟಿಯ ಮಳೆ ಹೇಗಿರುತ್ತದೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಅಂಗಳದಲ್ಲಿ ಪಾಚಿ, ಮಕ್ಕಳ ಶಾಲಾ ಚೀಲಕ್ಕೆ ಬೂಸ್ಟು. ಇವುಗಳ ಜೊತೆಗೆ ಕರೆಯದೆಯೇ ಬರುವ ಅತಿಥಿಯೊಬ್ಬನಿದ್ದಾನೆ, ಶೀತ. ಬಂದರ್ ಕಡೆಯ ನಮ್ಮ ಮನೆಗೂ ಅವನು ವರ್ಷಕ್ಕೆರಡು ಬಾರಿ ಬಂದು ಹೋಗುವವನೇ. ಸೀನಿದವರು 'ಅಲ್‌ಹಮ್ದುಲಿಲ್ಲಾಹ್' ಎಂದರೆ ಕೇಳಿದವರು 'ಯರ್‌ಹಮುಕಲ್ಲಾಹ್' ಎನ್ನುವುದು ನಮ್ಮಲ್ಲಿ ವಾಡಿಕೆ. ಕೆಲವು ವರ್ಷಗಳ ಹಿಂದಿನ ಆ ಮಳೆಗಾಲದಲ್ಲಿ ಒಬ್ಬರಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಸೀನುತ್ತಿದ್ದರು.

ಶೀತವನ್ನು ಮೊದಲು ಮನೆಗೆ ತಂದವಳು ನಾಲ್ಕನೇ ತರಗತಿಯಲ್ಲಿದ್ದ ಮಗಳು. ಮೊದಲ ದಿನ ಗಂಟಲು ಕೆರೆತ, ಎರಡನೇ ದಿನ ಮೂಗಿನಲ್ಲಿ ನೀರು, ಮೂರನೇ ದಿನ ಸಿಂಬಳ ಹಳದಿಯಾಯಿತು. 'ಬಣ್ಣ ಬಂದಿದೆ, ಇನ್ನು ಕಷಾಯದಿಂದ ಆಗದು' ಎಂದು ನಾವೇ ತೀರ್ಮಾನಿಸಿದೆವು. ಹಿಂದೆ ಹಲ್ಲುನೋವಿಗೆಂದು ತಂದು ಉಳಿಸಿಟ್ಟಿದ್ದ ಆಂಟಿಬಯಾಟಿಕ್ ಮಾತ್ರೆಗಳು ಕಪಾಟಿನಲ್ಲಿದ್ದವು. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಗಳಿಗೆ ನುಂಗಿಸಿದೆವು. ಅವಳಿಗೆ ಭೇದಿ ಶುರುವಾಯಿತು. ನಾಲ್ಕೈದು ದಿನಗಳ ಬಳಿಕ ಶೀತವೂ ಹೋಯಿತು. 'ನೋಡಿದಿರಾ, ಮಾತ್ರೆ ಕೆಲಸ ಮಾಡಿತು' ಎಂದು ನಮಗೆ ನಾವೇ ಹೇಳಿಕೊಂಡೆವು.

ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ಮಾತು ಶೀತದ ಬಗ್ಗೆ ಹಿಂದಿನಿಂದಲೂ ಇದೆ. ಆ ತಮಾಷೆಯೊಳಗಿನ ಸತ್ಯ ನಮಗೆ ಹೊಳೆಯಲಿಲ್ಲ. ಹೊಳೆಯಲು ಇನ್ನೊಂದು ವಾರ ಬೇಕಾಯಿತು, ಅದೂ ಬಹಳ ಕಷ್ಟದಿಂದ.

ಮಗಳ ಶೀತ ಏಳು ತಿಂಗಳ ತಮ್ಮನಿಗೆ ಹಿಡಿಯಿತು. ಈ ಬಾರಿ ಧೈರ್ಯವಾಗಿದ್ದೆವು. ಮೆಡಿಕಲ್‌ಗೆ ಹೋಗಿ 'ಮಗುವಿಗೆ ಶೀತಕ್ಕೆ ಏನಾದರೂ ಕೊಡಿ' ಎಂದೆವು. ಒಂದು ಕೆಮ್ಮಿನ ಸಿರಪ್ ಸಿಕ್ಕಿತು. ಮರುದಿನ ಕಡಿಮೆಯಾಗಲಿಲ್ಲವೆಂದು ಇನ್ನೊಂದು ತಂದೆವು. ಎರಡು ದಿನ ನಮ್ಮ ಮಾತೆಲ್ಲಾ ಇದೇ, ಯಾವ ಮದ್ದು ಒಳ್ಳೆಯದು, ಯಾರ ಮಗುವಿಗೆ ಯಾವುದರಿಂದ ಗುಣವಾಯಿತು. ಮೂರನೇ ರಾತ್ರಿ ಸುಮಾರು ಎರಡು ಗಂಟೆಗೆ ತಹಜ್ಜುದ್ ನಮಾಝಿಗೆಂದು ಎದ್ದ ಉಮ್ಮ ತೊಟ್ಟಿಲ ಬಳಿ ನಿಂತು ನಮ್ಮನ್ನು ಕರೆದರು. 'ಇಲ್ಲಿ ಬನ್ನಿ ಮಕ್ಕಳೇ. ಈ ಮಗುವಿನ ಉಸಿರು ನೋಡಿ. ಪಕ್ಕೆ ಹೇಗೆ ಒಳಗೆ ಹೋಗುತ್ತಿದೆ!'

ದೀಪ ಹಾಕಿ ಅಂಗಿ ಎತ್ತಿ ನೋಡಿದೆವು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಚರ್ಮ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಎದೆಗೆ ಹಿಡಿದರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ನೆರೆಮನೆಯವರ ರಿಕ್ಷಾದಲ್ಲಿ, ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮಗುವಿನ ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು. ಅರುವತ್ತನಾಲ್ಕು. ಬಳಿಕ ನಮ್ಮನ್ನು ಎರಡೇ ಪ್ರಶ್ನೆ ಕೇಳಿದರು. 'ನಿನ್ನೆಯಿಂದ ಎಷ್ಟು ಸಲ ಸರಿಯಾಗಿ ಹಾಲು ಕುಡಿದಿದೆ? ಎಷ್ಟು ಸಲ ಮೂತ್ರ ಮಾಡಿದೆ?' ನಾವು ಮುಖ ಮುಖ ನೋಡಿಕೊಂಡೆವು. ಕೊಟ್ಟ ಸಿರಪ್‌ಗಳ ಹೆಸರು, ಬಣ್ಣ, ಬೆಲೆ ಎಲ್ಲವೂ ಬಾಯಿಪಾಠವಿತ್ತು. ಕೇಳಿದ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರವಿರಲಿಲ್ಲ.

ಮಗುವಿಗೆ ಬಂದಿದ್ದುದು ಬ್ರಾಂಕಿಯೋಲೈಟಿಸ್. ದೊಡ್ಡವರಲ್ಲಿ ಬರೀ ಶೀತ ಉಂಟುಮಾಡುವ ವೈರಸ್‌ಗಳೇ ಎಳೆಯ ಮಕ್ಕಳಲ್ಲಿ ಕೆಲವೊಮ್ಮೆ ಶ್ವಾಸಕೋಶದ ಅತಿ ಸಣ್ಣ ಕೊಳವೆಗಳವರೆಗೆ ಇಳಿಯುತ್ತವೆ. ಆ ಕೊಳವೆಗಳು ಬಾತು, ಕಫ ತುಂಬಿ, ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ಎರಡು ವರ್ಷದೊಳಗಿನ, ಅದರಲ್ಲೂ ವರ್ಷ ತುಂಬದ ಮಕ್ಕಳಲ್ಲಿ ಇದು ಹೆಚ್ಚು. ಮೂರು ದಿನ ಮಗು ಆಸ್ಪತ್ರೆಯಲ್ಲಿತ್ತು. ಅಲ್ಲಿ ಕೊಟ್ಟದ್ದೇನು? ಆಮ್ಲಜನಕ, ಮೂಗಿನ ಸ್ವಚ್ಛತೆ, ದೇಹಕ್ಕೆ ಬೇಕಾದಷ್ಟು ದ್ರವ. 'ಆಂಟಿಬಯಾಟಿಕ್ ಕೊಡುವುದಿಲ್ಲವೇ?' ಎಂದು ಕೇಳಿದಾಗ ಡಾಕ್ಟರು ನಕ್ಕರು. 'ಇದು ವೈರಸ್. ಅದಕ್ಕೆ ಆಂಟಿಬಯಾಟಿಕ್ ತಾಗುವುದಿಲ್ಲ. ಮಗುವಿಗೆ ಈಗ ಬೇಕಾದ್ದು ಗಾಳಿ.'

ಆ ಮಾತು ನಮ್ಮ ಕಣ್ಣು ತೆರೆಸಿತು. ನಮ್ಮ ಮಗಳಿಗೆ ಮದ್ದು ಬೇಕಾಗಿರಲೇ ಇಲ್ಲ, ಕೊಟ್ಟೆವು. ಮಗನಿಗೆ ಆಸ್ಪತ್ರೆ ಬೇಕಾಗಿತ್ತು, ಸಿರಪ್ ಕೊಡುತ್ತಾ ಕುಳಿತೆವು. ಎರಡೂ ಸಲ ನಾವು ನೋಡಿದ್ದು ಬಾಟಲಿಯನ್ನೇ. ಮಗುವನ್ನು ನೋಡಿದವರು ಓದು ಬರಹ ಹೆಚ್ಚು ತಿಳಿಯದ ಉಮ್ಮ.

ಆ ಬಳಿಕ ನಾವು ತಿಳಿದವರಿಂದ ಕೇಳಿ, ಓದಿ, ಕಲಿತುಕೊಂಡ ಕೆಲವು ಸಂಗತಿಗಳನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸುತ್ತದೆ.

ಶೀತಕ್ಕೆ ಕಾರಣವಾಗುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ರೈನೋವೈರಸ್ ಎಂಬ ಒಂದೇ ಕುಟುಂಬದಲ್ಲಿ ನೂರೈವತ್ತಕ್ಕಿಂತ ಹೆಚ್ಚು ಬಗೆಗಳಿವೆ. ಒಂದರ ವಿರುದ್ಧ ದೇಹ ಶಕ್ತಿ ಗಳಿಸಿದರೆ ಇನ್ನೊಂದು ಕಾದಿರುತ್ತದೆ. ಹಾಗಾಗಿಯೇ ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು, ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ಸಲ ಶೀತವಾಗುವುದು ಸಹಜ. ಮಳೆಯಲ್ಲಿ ನೆನೆದ ಮಾತ್ರಕ್ಕೆ ಶೀತ ಬರುವುದಿಲ್ಲ, ವೈರಸ್ ಬೇಕು. ಆದರೆ ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ, ಮುಚ್ಚಿದ ಬಸ್ಸಿನಲ್ಲಿ ಒತ್ತಿಕೊಂಡು ಪ್ರಯಾಣಿಸುತ್ತೇವೆ. ವೈರಸ್‌ಗೆ ಇನ್ನೇನು ಬೇಕು?

ಸಿಂಬಳ ಹಳದಿ ಅಥವಾ ಹಸಿರಾದರೆ ಆಂಟಿಬಯಾಟಿಕ್ ಬೇಕು ಎಂಬುದು ನಮ್ಮಂತೆ ಅನೇಕರ ನಂಬಿಕೆ. ರೋಗದೊಡನೆ ಹೋರಾಡಿದ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ಸಾಮಾನ್ಯ ಶೀತದಲ್ಲೂ ಮೂರನೇ ನಾಲ್ಕನೇ ದಿನಕ್ಕೆ ಹೀಗಾಗುವುದುಂಟು. ಶೀತ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು.

ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು. ಬೇಡದಿದ್ದಲ್ಲಿ, ಅರೆಬರೆಯಾಗಿ ನುಂಗಿದರೆ ಬ್ಯಾಕ್ಟೀರಿಯಾಗಳು ಅದನ್ನು ಎದುರಿಸಲು ಕಲಿಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ವೈದ್ಯರ ಚೀಟಿಯಿಲ್ಲದೆ ನುಂಗಬಾರದ ಮದ್ದಿನ ಪಟ್ಟಿಯ ಮೇಲೆ ನಿಂತ ಕೆಂಪು ಗೆರೆಯಿರುತ್ತದೆ. ಅದನ್ನು ಜನರಿಗೆ ತಿಳಿಸಲು 2016ರಲ್ಲಿ ಕೇಂದ್ರ ಸರಕಾರ ಅಭಿಯಾನವನ್ನೇ ನಡೆಸಿತ್ತು. ನಮ್ಮ ಕಪಾಟಿನಲ್ಲಿದ್ದ ಪಟ್ಟಿಯ ಮೇಲೂ ಆ ಗೆರೆಯಿತ್ತು. ನಾವು ನೋಡಿರಲಿಲ್ಲ ಅಷ್ಟೇ.

ಸಿರಪ್‌ಗಳ ಕಥೆ ಇನ್ನೂ ನೋವಿನದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಹಲವು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಕೊಡಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಆ ವರ್ಷ ಕೇಂದ್ರ ಆರೋಗ್ಯ ಇಲಾಖೆ ತಿಳಿಸಿತು. ಕಲಬೆರಕೆಯಿಲ್ಲದ ಸಿರಪ್ ಕೂಡ ಎಳೆಯ ಮಕ್ಕಳ ಶೀತವನ್ನು ಒಂದು ದಿನವೂ ಬೇಗ ಗುಣಪಡಿಸದು.

ಹಾಗಾದರೆ ಏನು ಮಾಡಬೇಕು? ಉಮ್ಮನ ಅಡುಗೆಮನೆಯಲ್ಲಿ ಅರ್ಧ ಉತ್ತರವಿದೆ. ವಿಶ್ರಾಂತಿ, ಬೆಚ್ಚಗಿನ ಕುಚ್ಚಲಕ್ಕಿ ಗಂಜಿ, ಆಗಾಗ ನೀರು. ದೊಡ್ಡವರಿಗೆ ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಬಹುದು. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುನ್ನ ಒಂದು ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆ. ಆದರೆ ವರ್ಷ ತುಂಬದ ಮಗುವಿಗೆ ಜೇನನ್ನು ನಾಲಗೆಗೆ ತಾಗಿಸಲೂಬಾರದು, ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆಯ ಭಯವಿದೆ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಸಾಕು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವುದು ಬೇಡ, ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳಿದ್ದಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ, ಮಕ್ಕಳಿಗೆ ತೂಕ ನೋಡಿ ಡಾಕ್ಟರು ಹೇಳಿದಷ್ಟೇ. ಹಲವು ಶೀತದ ಮಾತ್ರೆಗಳಲ್ಲೂ ಅದೇ ಇರುವುದರಿಂದ ಎರಡೆರಡು ಸಲ ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳಿ.

ಉತ್ತರದ ಇನ್ನರ್ಧ, ಮಗುವನ್ನು ನೋಡುವುದು. ಮಗು ಶಾಂತವಾಗಿರುವಾಗ ಹೊಟ್ಟೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉಸಿರು ಅತಿವೇಗದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕೆ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಬಿಡುವುದು, ಮೂತ್ರ ಕಡಿಮೆಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ವಾಹನ ಸಿಗದಿದ್ದರೆ 108 ಇದೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಬೇರೇನೂ ಇಲ್ಲದಿದ್ದರೂ ಕೂಡಲೇ ಡಾಕ್ಟರಲ್ಲಿಗೆ ಒಯ್ಯಬೇಕು.

ದೊಡ್ಡವರಿಗೂ ಗಡಿಯಿದೆ. ಎದೆನೋವು, ಉಬ್ಬಸ, ಮೂರು ದಿನ ಮೀರಿದ ಜ್ವರ, ಕಡಿಮೆಯಾಗಿ ಮತ್ತೆ ಏರಿದ ಜ್ವರ ಇದ್ದರೆ ಮನೆಮದ್ದು ಸಾಲದು. ಶೀತ ಕೆಮ್ಮು ಇಲ್ಲದೆ ಗಂಟಲು ಮಾತ್ರ ಬಹಳ ನೋವು, ಜೊತೆಗೆ ಜ್ವರ ಇದ್ದರೆ ಅದು ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಅದಕ್ಕೆ ಆಂಟಿಬಯಾಟಿಕ್ ಬೇಕು, ಬಿಟ್ಟರೆ ಕೆಲವು ಮಕ್ಕಳಲ್ಲಿ ಮುಂದೆ ಹೃದಯಕ್ಕೆ ತೊಂದರೆಯಾಗುತ್ತದೆ. ಇದನ್ನು ತೀರ್ಮಾನಿಸಬೇಕಾದವರು ಡಾಕ್ಟರು. ಇನ್‌ಫ್ಲುಯೆಂಜಾ ಸಾಮಾನ್ಯ ಶೀತವಲ್ಲ ಎಂಬುದನ್ನು 2009ರ ಎಚ್1ಎನ್1 ತೋರಿಸಿಕೊಟ್ಟಿತು. ಮುದುಕರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಮತ್ತು ದಮ್ಮು ಇರುವವರು ವರ್ಷಕ್ಕೊಮ್ಮೆ ಅದರ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರಲ್ಲಿ ಕೇಳುವುದು ಒಳ್ಳೆಯದು.

ಮಂಗಳೂರಿನವರಿಗೆ ಇನ್ನೂ ಒಂದು ಮಾತು. 1990ರ ದಶಕದಿಂದ ಬಹುಕಾಲ ಈ ನಗರ ಮಲೇರಿಯಾಕ್ಕೆ ಹೆಸರಾಗಿತ್ತು. ಈಗ ಅದು ಬಹಳ ಇಳಿದಿದೆ, ಆದರೆ ಹೋಗಿಲ್ಲ. ಡೆಂಗಿ, ಇಲಿಜ್ವರಗಳೂ ಮಳೆಯ ಜೊತೆಗೇ ಬರುತ್ತವೆ. ಮೂಗು ಸೋರದೆ, ಸೀನದೆ ಬರೀ ಚಳಿಜ್ವರ, ಮೈಕೈ ನೋವು ಬಂದರೆ 'ಮಳೆಯ ಶೀತ' ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಬೇಕು.

ಕೊನೆಗೆ, ಹರಡದಂತೆ ತಡೆಯುವುದು. 2020 ಮತ್ತು 2021ರಲ್ಲಿ ನಾವೆಲ್ಲ ಮಾಸ್ಕ್ ಹಾಕಿ, ಸಾಬೂನಿನಿಂದ ಕೈ ತೊಳೆದು, ಅಂತರ ಕಾಯ್ದ ದಿನಗಳಲ್ಲಿ ಜಗತ್ತಿನ ಬಹುಭಾಗದಲ್ಲಿ ಇನ್‌ಫ್ಲುಯೆಂಜಾ ಹೆಚ್ಚುಕಡಿಮೆ ಕಾಣೆಯಾಗಿತ್ತು. ಆ ಅಭ್ಯಾಸವನ್ನು ನಾವು ಎಷ್ಟು ಬೇಗ ಮರೆತೆವು! ದಿನಕ್ಕೆ ಐದು ಬಾರಿ ವುಝೂ ಮಾಡುವ ಮನೆಗಳಲ್ಲಿ ಕೈ ತೊಳೆಯುವುದನ್ನು ಹೇಳಿಕೊಡಬೇಕಿಲ್ಲ, ನಲ್ಲಿಯ ಪಕ್ಕ ಸಾಬೂನು ಇಟ್ಟರೆ ಸಾಕು. ನಮ್ಮಲ್ಲಿ ಮಗು ಹುಟ್ಟಿದರೆ ನೋಡಲು ಬರುವವರು ಬಹಳ. ಬಂದವರು ಎತ್ತಿ ಮುದ್ದಿಸದಿದ್ದರೆ ಮನೆಯವರಿಗೆ ಬೇಸರ, ಬೇಡವೆಂದರೆ ಬಂದವರಿಗೆ ಬೇಸರ. ಶೀತ ಇರುವವರು ಒಂದು ವಾರ ತಡೆದು ಬಂದರೆ ಆ ಮಗುವಿಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ನಮ್ಮ ಮಗ ಈಗ ಆರೋಗ್ಯವಾಗಿದ್ದಾನೆ. ಈ ಮಳೆಗಾಲದಲ್ಲೂ ಶಾಲೆಯಿಂದ ಶೀತ ತಂದ. ಮೊನ್ನೆ ಅವನಿಗೆ ಉಪ್ಪುನೀರಿನ ಹನಿ ತರಲು ಮೆಡಿಕಲ್‌ಗೆ ಹೋದಾಗ ಮುಂದೆ ನಿಂತಿದ್ದ ತಾಯಿಯೊಬ್ಬರು, ತೋಳಲ್ಲಿ ಮಗು, 'ಶೀತಕ್ಕೊಂದು ಮಾತ್ರೆ ಕೊಡಿ' ಎನ್ನುತ್ತಿದ್ದರು. ಆ ಮಾತು ಹೇಳಿದ್ದವರು ನಾವೇ ಎನಿಸಿತು. ನಾವು ಮೆಲ್ಲನೆ ಕೇಳಿದೆವು, 'ಮಗು ಹಾಲು ಕುಡಿಯುತ್ತಿದೆಯಾ ಅಕ್ಕಾ?' ಅವರು ಒಂದು ಕ್ಷಣ ಯೋಚಿಸಿದರು. ಮತ್ತೆ ಮಗುವಿನ ಮುಖ ನೋಡಿದರು.