ಆಯಿಯ ಹಲಗಿ ಕಟ್ಟಿ

ಇಲ್ಲಿ ನಾವು ಅಂದರೆ ಒಂದೇ ಮನೆಯ ಇಬ್ಬರು. ಅಣ್ಣ-ತಮ್ಮಂದಿರ ಮಕ್ಕಳು, ಇಬ್ಬರೂ ಸೆಕೆಂಡ್ ಇಯರ್, ಒಬ್ಬರು ಸಿವಿಲ್, ಇನ್ನೊಬ್ಬರು ಮೆಕ್ಯಾನಿಕಲ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ ತಪ್ಪಿದ್ದರೆ ಎಡಿಟರ್ ತಿದ್ದಿಕೊಳ್ಳಲಿ. ಊರು ಹುನಗುಂದದ ಹತ್ತಿರದ ರಾಮಥಾಳ. ಗೂಗಲ್ ಮಾಡಿದರೆ ಮೊದಲು ಬರೋದು ಹನಿ ನೀರಾವರಿ ಯೋಜನೆ: ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರಿಗೆ ಪೈಪಿನಲ್ಲೇ ಕೊಡೋದು. ಇದನ್ನ ನೆನಪಿಟ್ಟುಕೊಳ್ಳಿ, ಆ ಪೈಪು ಮುಂದೆ ಬರುತ್ತೆ.

ನಮ್ಮ ಮನೆ ಮುಂದೆ ಮುತ್ಯಾ ಮಾಡಿದ್ದ ಒಂದು ಹಲಗಿ ಕಟ್ಟಿ ಇತ್ತು. ಕಲ್ಲಿನ ಕಾಲುಗಳ ಮೇಲೆ ಜಾಲಿ ಹಲಗೆ, ಹತ್ತಡಿ ಉದ್ದ, ಆರಡಿ ಅಗಲ, ಪಕ್ಕದಲ್ಲಿ ಬೇವಿನ ಗಿಡ. ಮುತ್ಯಾ ಹೋದ ಮೇಲೆ ಅದು ಆಯಿಯದು. ಬೆಳಗ್ಗೆ ಕಾಳು ಆರಿಸೋದು, ಸಂಜೆ ಓಣಿಯವರ ಜೊತೆ ಮಾತು, ಎಲ್ಲ ಅಲ್ಲೇ. ಹೋದ ಮಳೆಗಾಲದಲ್ಲಿ ಒಂದು ಹಲಗೆ ಮುರಿದು ಆಯಿಯ ಕಾಲು ಮೊಳಕಾಲ ತನಕ ಒಳಗೆ ಹೋಯ್ತು. ಒಳಗೆಲ್ಲ ಗೆದ್ದಲು ತಿಂದಿತ್ತು. ಎಲುಬು ಮುರಿಯಲಿಲ್ಲ, ಪುಣ್ಯ. ಆದರೆ ಅವತ್ತಿನಿಂದ ಆಯಿ ಹೊಸ್ತಿಲು ದಾಟಿ ಕೂರಲಿಲ್ಲ. ಒಳಗೇ ಗೋಡೆಗೆ ಒರಗಿ ಕೂತು, ಬಾಗಿಲಿನಷ್ಟೇ ಓಣಿ ನೋಡೋಳು.

ದೊಡ್ಡವರು ಹೇಳಿದ್ದು ಒಂದೇ ಮಾತು: "ಇಬ್ರೂ ಇಂಜಿನಿಯರ್ ಆಗಾಕತ್ತೀರಿ. ಮಾಡ್ರಿ ನೋಡೂನು."

ಇಳಕಲ್ಲಿನ ಕೆಂಪು ಗ್ರಾನೈಟು ಇಷ್ಟು ಹತ್ತಿರ ಇರುವಾಗ ಬೇರೆ ಯಾಕೆ ಅಂತ ಎಲ್ಲರೂ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಅದರ ಮೇಲೆ ಭಾರದ ಕಲ್ಲು ಕೂರಿಸಬೇಕಂದ್ರೆ ಪಾಯ ಆಳಕ್ಕೆ ಹೋಗಬೇಕು, ಅಂಗಳದ ಮಳೆನೀರು ಹರಿಯೋ ದಾರಿಯೂ ಅದೇ. ಪಾಲಿಶ್ ಕಲ್ಲು ಒದ್ದೆಯಾದರೆ ಆಯಿಗೆ ಇನ್ನೊಂದು ಅಪಾಯ. ಮತ್ತೆ ಕಟ್ಟಿಗೆ ಹಾಕಿದರೆ ಮತ್ತೆ ಗೆದ್ದಲು. ಹಾಗಾಗಿ ಡಬ್ಲ್ಯುಪಿಸಿ: ಕಟ್ಟಿಗೆಯ ಹಿಟ್ಟು ಮತ್ತು ಪ್ಲಾಸ್ಟಿಕ್ ಸೇರಿಸಿ, ಕಾಯಿಸಿ, ಅಚ್ಚಿನಿಂದ ಹಲಗೆಯಂತೆ ತಳ್ಳಿದ್ದು. ಹಿಟ್ಟಿನ ಸುತ್ತ ಪ್ಲಾಸ್ಟಿಕ್ ಇರೋದರಿಂದ ಗೆದ್ದಲಿಗೆ ಅದು ರುಚಿಸಲ್ಲ.

ಅದರಲ್ಲೂ ಎರಡು ಜಾತಿ. ಒಂದು ಬರೀ ಹಲಗೆ. ಇನ್ನೊಂದರ ಮೈಮೇಲೆ ತೆಳು ಪ್ಲಾಸ್ಟಿಕ್ ಚರ್ಮ, ಅದಕ್ಕೆ ಕ್ಯಾಪ್ಡ್ ಅಂತಾರೆ. ಚರ್ಮ ಇದ್ದದ್ದು ನೀರು ಕಡಿಮೆ ಕುಡಿಯುತ್ತೆ, ಕಲೆ ಹಿಡಿಯೋದೂ ಕಡಿಮೆ. ಆಯಿ ಎಲಿ ಅಡಿಕಿ ಹಾಕ್ತಾಳೆ, ಆದ್ದರಿಂದ ಯೋಚನೆ ಮಾಡದೆ ಕ್ಯಾಪ್ಡ್. ಬಣ್ಣ ಮಾತ್ರ ಫೋಟೋ ಚೆನ್ನಾಗಿ ಬರಲಿ ಅಂತ ಕಡು ಕಂದು ಆರಿಸಿದೆವು. ಅದರ ಫಲ ಆಮೇಲೆ ಹೇಳ್ತೀವಿ.

ಡಿಸೆಂಬರ್ ರಜೆಯಲ್ಲಿ ಡ್ರಾಯಿಂಗ್ ಮಾಡಿ ಬಡಿಗೇರರ ಮುಂದೆ ಹಿಡಿದೆವು. ಅವರು ಹಾಳೆ ತಿರುವಿ ತಿರುವಿ ನೋಡಿ, "ಜಾಯಿಸ್ಟ್ ಅಂದ್ರ ಏನ್ರೀ ಇದು?" ಅಂದರು. ಹಲಗೆ ಹೊರೋ ಅಡ್ಡ ಪೈಪು ಅಂತ ಕೈಯಾಡಿಸಿ ವಿವರಿಸಿದೆವು. "ಜಂತಿ ಅನ್ರಲ್ಲ ಮತ್ತ!" ಹುಟ್ಟಿದಾಗಿನಿಂದ ತಲೆ ಮೇಲೆ ಜಂತಿ ನೋಡಿಕೊಂಡು ಮಲಗಿದವರು ನಾವು. ಆ ಪದ ಬಾಯಿಗೆ ಬರಲೇ ಇಲ್ಲ.

ಅಂಗಡಿಯವರು ಕೊಟ್ಟ ಹಾಳೆಯಲ್ಲಿ ಜಂತಿಯಿಂದ ಜಂತಿಗೆ 350 ಮಿಮೀ ಅಂತಿತ್ತು. ಪೈಪು ಉಳಿಸೋಕೆ ನಾವು ಎರಡಡಿಗೆ ಒಂದು ಹಾಕಿದೆವು. ಹಲಗೆಯ ಎರಡೂ ಪಕ್ಕ ಉದ್ದಕ್ಕೆ ಒಂದು ಸೀಳು ಇತ್ತು, ಡಿಸೈನ್ ಅಂದ್ಕೊಂಡೆವು. ಸತು ಲೇಪದ ಸ್ಕ್ರೂ ತಂದು ಮೇಲಿಂದಲೇ ಬಿಗಿದೆವು. ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಲ್ಲಿನ ಕಂಬಕ್ಕೆ, ಕೂದಲು ಹೋಗದಷ್ಟು ಫಿಟ್. ಸ್ಟೇಟಸ್ ಹಾಕಿದೆವು. ನೂರಕ್ಕೂ ಹೆಚ್ಚು ವ್ಯೂಸ್.

ಏಪ್ರಿಲ್ಲಿನಲ್ಲಿ ಫೋನ್ ಬಂತು. ನಡುವಿನ ಮೂರು ಹಲಗೆ ಒಂದು ಇಂಚು ಮೇಲೆದ್ದು, ನಾಲ್ಕು ಸ್ಕ್ರೂ ಕಿತ್ತು ಬಂದಿದ್ದವು. ಅವ್ವ ದಿನಾ ಅಂಗಳಕ್ಕೆ ನೀರು ಹೊಡೆಯೋದರಿಂದ ಉಳಿದ ಸ್ಕ್ರೂಗಳ ಸುತ್ತ ತುಕ್ಕಿನ ಕಲೆ. ಆಯಿ ಏನೂ ಅನ್ನಲಿಲ್ಲವಂತೆ. ಅದೇ ನಮಗೆ ಜಾಸ್ತಿ ಚುಚ್ಚಿತು.

ಊರಿಗೆ ಹೋದಾಗ ಕಾಕಾ ನಮ್ಮನ್ನ ಹೊಲಕ್ಕೆ ಕರ್ಕೊಂಡು ಹೋದ. ಮಟಮಟ ಮಧ್ಯಾಹ್ನ. ಸಾಲಿನ ಗುಂಟ ಡ್ರಿಪ್ ಪೈಪು ಹಾವಿನ ಹಾಗೆ ಸೊಟ್ಟಗೆ ಬಿದ್ದಿತ್ತು.

"ಮುಂಜಾನೆ ಬಂದು ನೋಡ್ರಿ, ನೆಟ್ಟಗ ಇರತೈತಿ. ಬಿಗಿ ಎಳದು ಎರಡೂ ಕಡೆ ಗೂಟ ಹೊಡದ್ರ ಕಿತಗೊಂಡ ಬರತೈತಿ. ಸಡ್ಲ ಬಿಡಬೇಕು. ಪ್ಲಾಸ್ಟಿಕ್ ಅದು, ಉಸಿರಾಡತೈತಿ. ನಿಮ್ಮ ಹಲಗಿನೂ ಪ್ಲಾಸ್ಟಿಕ್ ಅಲ್ಲೇನ್ಲೇ?"

ಹೌದು. ನಮ್ಮ ಹಲಗೆಯೊಳಗಿನ ಪ್ಲಾಸ್ಟಿಕ್ಕೂ ಹೊಲದ ಪೈಪೂ ಒಂದೇ ಮನೆತನ, ಪಾಲಿಥೀನ್. ಥರ್ಮಲ್ ಎಕ್ಸ್‌ಪಾನ್ಶನ್ ಫಾರ್ಮುಲಾ ಇಂಟರ್ನಲ್ಸ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಅವತ್ತು ರಾತ್ರಿ ಮೊದಲ ಸಲ ನಿಜವಾಗಿ ಹಾಕಿ ನೋಡಿದೆವು. ಇಂಥ ಹಲಗೆ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.04 ಮಿಮೀ ಬೆಳೆಯುತ್ತೆ. ಕಟ್ಟಿಗೆ ಉದ್ದಕ್ಕೆ ಬೆಳೆಯೋದು ಅದರ ಹತ್ತರಲ್ಲೊಂದು ಪಾಲಿನಷ್ಟು. ಮುತ್ಯಾನ ಹಲಗೆ ಯಾಕೆ ಏಳಲಿಲ್ಲ ಅನ್ನೋದಕ್ಕೆ ಅಲ್ಲೇ ಉತ್ತರ. ಡಿಸೆಂಬರಿನ 20 ಡಿಗ್ರಿಯಿಂದ ಏಪ್ರಿಲ್ ಬಿಸಿಲಲ್ಲಿ ಹಲಗೆಯ ಮೈ 60ಕ್ಕೆ ಹೋದರೆ, 3 ಮೀಟರಿಗೆ ಹತ್ತಿರ ಹತ್ತಿರ 5 ಮಿಮೀ. ಅಷ್ಟೇನಾ ಅನ್ನಿಸುತ್ತೆ. ಆದರೆ ತುದಿ ಎರಡೂ ಕಟ್ಟಿಹಾಕಿದ್ದರೆ ಆ 5 ಮಿಮೀ ಬಾಗಿ ನಡುವೆ 7 ಸೆಂಮೀ ತನಕ ಎತ್ತಬಲ್ಲದು. ನಮ್ಮ ಸ್ಕ್ರೂಗಳು ಪಾಪ, ಹೋರಾಡಿ ಒಂದು ಇಂಚಿಗೆ ನಿಲ್ಲಿಸಿದ್ದವು.

ಜೂನ್‌ನಲ್ಲಿ ಎಲ್ಲ ಬಿಚ್ಚಿದೆವು. ಗೋವಾ ಟ್ರಿಪ್ಪಿನ ದುಡ್ಡು ಹೊಸ ಜಂತಿಗಳಿಗೆ ಹೋಯ್ತು, ಈಗ ಅಡಿಗೊಂದು. ಆ ಪಕ್ಕದ ಸೀಳು ಡಿಸೈನ್ ಅಲ್ಲ, ಕ್ಲಿಪ್ ಕೂರೋ ಜಾಗ. ಕ್ಲಿಪ್ಪನ್ನ ಜಂತಿಗೆ ಸ್ಕ್ರೂ ಮಾಡಿದರೆ ಅದರ ರೆಕ್ಕೆಗಳು ಎರಡೂ ಕಡೆಯ ಹಲಗೆಯನ್ನ ಸೀಳಿನಲ್ಲಿ ಹಿಡಿಯುತ್ತವೆ. ಮೇಲೇಳೋಕೆ ಬಿಡಲ್ಲ, ಉದ್ದಕ್ಕೆ ಜಾರೋಕೆ ಬಿಡುತ್ತೆ. ಪ್ರತಿ ಹಲಗೆಗೂ ನಡುವೆ ಒಂದೇ ಒಂದು ಕಡೆ ಗಟ್ಟಿ ಸ್ಕ್ರೂ, ಇಲ್ಲದಿದ್ದರೆ ಹಲಗೆ ವರ್ಷಾನುಗಟ್ಟಲೆ ತೆವಳಿಕೊಂಡು ಹೋಗುತ್ತೆ. ತುದಿಗಳಲ್ಲಿ ಖಾಲಿ ಜಾಗ. ಕ್ಲಿಪ್ಪು, ಸ್ಕ್ರೂ ಎಲ್ಲ ಎಸ್‌ಎಸ್ 304. ಸಮುದ್ರದ ಪಕ್ಕ ಆಗಿದ್ದರೆ 316 ಬೇಕಿತ್ತು, ರಾಮಥಾಳಕ್ಕೆ ಸಮುದ್ರ ಬರೋ ಸೂಚನೆ ಇಲ್ಲ. ಹಲಗೆಗಳನ್ನ ಮಗುಚಿ ಹಾಕಿ, ಹಳೆ ತೂತುಗಳಿಗೆ ಮೇಣ ತುಂಬಿದೆವು. ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತೆ.

ಬಣ್ಣದ ತಪ್ಪು ಹಾಗೇ ಉಳಿಯಿತು. ಕಡು ಕಂದು ಹಲಗೆ ಮಧ್ಯಾಹ್ನ ಬರಿಗಾಲಿಗೆ ಹಂಚು. ನೀವು ಯಾರಾದರೂ ಮನೆಗೆ ಹಾಕಿಸೋದಾದರೆ ದಯವಿಟ್ಟು ತಿಳಿ ಬಣ್ಣ ತಗೊಳ್ಳಿ, ಫೋಟೋ ಹಾಳಾಗಿ ಹೋಗಲಿ.

ಕೆಲಸ ಮುಗಿದ ದಿನ ಸಂಜೆ ಬಿಸಿಲು ಇಳಿದ ಮೇಲೆ ಆಯಿ ಬಾಗಿಲಿಗೆ ಬಂದಳು. ಹೊಸ್ತಿಲಲ್ಲೇ ನಿಂತು ಕೋಲಿನಿಂದ ಒಂದೊಂದೇ ಹಲಗೆ ಕುಟ್ಟಿದಳು. ನಾಲ್ಕನೆಯದು ಟಕ್ ಅನ್ನೋ ಬದಲು ಟರ್ ಅಂತು.

"ಇದೊಂದು ಮಾತಾಡತೈತಿ ನೋಡ್ರೆಪಾ."

ಬಗ್ಗಿ ನೋಡಿದರೆ ಒಂದು ಕ್ಲಿಪ್ಪು ಸಡಿಲ. ಸ್ಕ್ರೂಡ್ರೈವರ್ ಹುಡುಕಿಕೊಂಡು ಒಳಗೆ ಓಡಿದೆವು. ತಿರುಗಿ ಬರುವಷ್ಟರಲ್ಲಿ ಆಯಿ ಕೌದಿ ಹಾಸಿಕೊಂಡು ಆ ಹಲಗೆಯೊಂದನ್ನ ಬಿಟ್ಟು ಪಕ್ಕದಲ್ಲಿ ಕೂತು, ಎದುರು ಮನೆಯವರನ್ನ ಕೂಗಿ ಕರೆಯುತ್ತಿದ್ದಳು.